ಅಜ್ಜಿಯ ಧಾರೆ ಸೀರೆ ಕಪ್ಪಾದುದೇಕೆ?

ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುಹಾಕಿರುವ ಮದುವೆಯ ಭಾವಚಿತ್ರಗಳನ್ನು ಒಮ್ಮೆ ಗಮನವಿಟ್ಟು ನೋಡಿರಿ. ವರ ಜರಿಪೇಟ ಸುತ್ತಿ, ಕ್ಲೋಸ್‌ಕಾಲರ್ ಕೋಟು ತೊಟ್ಟು, ಕುರ್ಚಿಯಲ್ಲಿ ಬಿಗಿಯಾಗಿ ಕುಳಿತಿರುತ್ತಾನೆ. ಪಕ್ಕದಲ್ಲಿ ನಿಂತ ವಧುವಿನ ಹಣೆಯ ಕುಂಕುಮ ಕಪ್ಪು. ಮೈಮೇಲಿನ ಸೀರೆಯೂ ಕಪ್ಪು. ಕಪ್ಪು ಸೀರೆಯುಡಿಸಿ ಮಗಳನ್ನು ಧಾರೆಯೆರೆದುಕೊಡಲು ಯಾವ ತಾಯಿ ಒಪ್ಪಿಯಾಳು? ಕುಂಕುಮವಂತೂ ಕೆಂಪಲ್ಲದೆ ಬೇರೆಯಲ್ಲ. ಹಾಗಾದರೆ ಚಿತ್ರ ಸುಳ್ಳು ಹೇಳುತ್ತಿದೆಯೆ?

ಅರ್ಧ ಸುಳ್ಳು ಎನ್ನಬಹುದು. ಛಾಯಾಗ್ರಹಣದ ಆರಂಭದ ದಿನಗಳ ಫಲಕಗಳಿಗೆ ನೀಲಿ, ನೇರಳೆಗಳಷ್ಟೇ ತಾಗುತ್ತಿದ್ದುವು. ಉಳಿದ ಬಣ್ಣಗಳ ಮಟ್ಟಿಗೆ ಅವು ಕುರುಡು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಎಂಬ ವಿಜ್ಞಾನಿ ಫಲಕದ ಲೇಪಕ್ಕೆ ಬಣ್ಣದ ದ್ರವ್ಯವನ್ನು ಬೆರಸಿ, ಅದು ಹಸುರನ್ನೂ ಗ್ರಹಿಸುವಂತೆ ಮಾಡುವ ದಾರಿಯನ್ನು ಕಂಡುಹಿಡಿದನು. ಕೆಂಪು ಮಾತ್ರ ಹೊರಗೇ ಉಳಿಯಿತು. ಎಲ್ಲ ಬಣ್ಣಗಳನ್ನೂ ಕಾಣಬಲ್ಲ ಪ್ಯಾನ್‌ಕ್ರೋಮ್ಯಾಟಿಕ್ ಫಲಕಗಳು 1906ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದರೂ ಹಳೆಯವು ಕೂಡಲೇ ಮೂಲೆ ಸೇರಲಿಲ್ಲ. ಅದಕ್ಕೊಂದು ಕಾರಣವುಂಟು. ಕೆಂಪು ಕಾಣದ ಫಲಕವನ್ನು ಕತ್ತಲೆಕೋಣೆಯಲ್ಲಿ ಕೆಂಪು ದೀಪದ ಕೆಳಗೇ ತೊಳೆಯಬಹುದು. ಚಿತ್ರ ಮೂಡುವುದನ್ನು ಕಣ್ಣಾರೆ ನೋಡುತ್ತ ಬೇಕಾದ ಹದಕ್ಕೆ ನಿಲ್ಲಿಸಬಹುದು. ಈ ಅನುಕೂಲವನ್ನು ಯಾವ ಸ್ಟುಡಿಯೋದವನು ತಾನೆ ಬಿಟ್ಟಾನು! ಮನೆಮನೆಯ ಪೆಟ್ಟಿಗೆ ಕ್ಯಾಮರಾಗಳಿಗೆ ಹಾಕುತ್ತಿದ್ದ ಕೊಡಕ್ ಕಂಪೆನಿಯ ವೆರಿಕ್ರೋಮ್ ಸುರುಳಿ ಕೂಡ 1956ರವರೆಗೆ ಕೆಂಪನ್ನು ಅರಿಯದ ಜಾತಿಯದೇ. ಆದುದರಿಂದ ಅಚ್ಚ ಕೆಂಪಿನ ಸೀರೆ ಕಪ್ಪಾಗಿ ಮೂಡಿತು. ತಿಳಿನೀಲಿಯದು ಬೆಳ್ಳಗೆ ಬಿಳಿಚಿಕೊಂಡಿತು.

ಈಗ ಮೊಮ್ಮಕ್ಕಳಿಗೆ ಆ ಚಿತ್ರಕ್ಕೆ ಬಣ್ಣ ತುಂಬಿಸುವ ಹಂಬಲ. ಮುಖ, ಹೂವಿನ ಮಾಲೆ, ಹಿಂದಿನ ಪರದೆ ಇವಕ್ಕೆಲ್ಲ ಬಣ್ಣ ಸಲೀಸಾಗಿ ಕೂರುತ್ತದೆ. ಸೀರೆಯ ಸರದಿ ಬಂದಾಗಲೇ ತೊಡಕು. ಕೆಂಪು ಹಚ್ಚಿದರೆ ಹತ್ತುವುದಿಲ್ಲ. ಬಲವಂತವಾಗಿ ಹತ್ತಿಸಿದರೆ ನಿರಿಗೆ, ಜರಿ, ನೇಯ್ಗೆ ಎಲ್ಲವೂ ಅಳಿಸಿಹೋಗಿ ತಗಡಿಗೆ ಬಳಿದ ಎನಾಮಲ್ ಪೇಂಟಿನಂತಾಗುತ್ತದೆ.

ಕುಂಚದ ಕಾಲದ ಕಲಾವಿದರು ಈ ತೊಡಕನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕಡ್ಡಿಯ ತುದಿಗೆ ಅರಳೆ ಸುತ್ತಿ ಅವರು ತೀಡುತ್ತಿದ್ದುದು ಪಾರದರ್ಶಕವಾದ ಬಣ್ಣ. ಚಿತ್ರದ ನೆರಳುಬೆಳಕುಗಳು ಅದರ ಕೆಳಗಿನಿಂದ ಕಾಣುವುದರಿಂದಲೇ ಕೆನ್ನೆ ಕೆನ್ನೆಯಾಗಿ ಉಳಿಯುತ್ತಿತ್ತು. ಆದರೆ ಅಂಥ ಬಣ್ಣ ಕಪ್ಪಿನ ಮೇಲೆ ಕಾಣದು. ಕರಿಯ ಬಟ್ಟೆಯನ್ನು ಹಳದಿಯ ಹಂಡೆಗೆ ಅದ್ದಿದಂತೆಯೇ ಸರಿ. ಅದಕ್ಕಾಗಿ ಅವರು ಬಣ್ಣ ಹಾಕಬೇಕಾದ ಪ್ರತಿಯನ್ನು ಮೊದಲೇ ತಿಳಿಯಾಗಿ ಮುದ್ರಿಸಿ, ಕಂದುಛಾಯೆಗೆ ತಿರುಗಿಸಿಕೊಳ್ಳುತ್ತಿದ್ದರು. ರಾಜಸ್ಥಾನದ ಚಿತ್ರಕಾರರದು ಬೇರೆ ದಾರಿ. ಅವರು ಗಟ್ಟಿ ಬಣ್ಣದಿಂದ ಫೋಟೋವನ್ನೇ ಮುಚ್ಚಿ, ಅದರ ಮೇಲೆ ಉಡುಪು ಒಡವೆಗಳನ್ನು ಹೊಸದಾಗಿ ಬರೆದರು. ನೋಡಲು ಅದು ಸೊಗಸು. ಆದರೆ ಅಲ್ಲಿ ಉಳಿಯುವುದು ಕಲಾವಿದನ ಸೀರೆಯೇ ಹೊರತು ಉಟ್ಟವಳ ಸೀರೆಯಲ್ಲ.

ಕಂಪ್ಯೂಟರಿನಲ್ಲಿಯೂ ನ್ಯಾಯ ಅದೇ. ಅಲ್ಲಿ ಅಪ್ಪಟ ಕಪ್ಪಿಗೆ 0, ಅಪ್ಪಟ ಬಿಳಿಗೆ 255. ಕಪ್ಪು ಸೀರೆಯ ಬಿಂದುಗಳೆಲ್ಲ 5ರಿಂದ 45ರೊಳಗೆ ಹುದುಗಿವೆಯೆಂದಿಟ್ಟುಕೊಳ್ಳೋಣ. ಬಣ್ಣ ಹಚ್ಚುವುದೆಂದರೆ ಒಂದು ಬಗೆಯ ಗುಣಾಕಾರ. 30ರ ಬಿಂದುವಿಗೆ 200ರ ಕೆಂಪನ್ನು ಹಚ್ಚಿದಾಗ, ಗುಣಿಸಿ 255ರಿಂದ ಭಾಗಿಸಿದರೆ ಬರುವುದು ಸುಮಾರು 24. ಇದ್ದುದಕ್ಕಿಂತ ಇನ್ನಷ್ಟು ಕಪ್ಪಾಯಿತಷ್ಟೆ! ಆದಕಾರಣ ಮೊದಲು ಬೆಳಕು, ಆಮೇಲೆ ಬಣ್ಣ. ಸೀರೆಯ ಭಾಗವನ್ನಷ್ಟೇ ಬೇರ್ಪಡಿಸಿ, ಆ 40 ಮೆಟ್ಟಿಲುಗಳನ್ನು ಮೇಲಕ್ಕೆತ್ತಿ ಅಗಲವಾಗಿ ಹರಡಬೇಕು. ಆದರೆ 40 ಮೆಟ್ಟಿಲನ್ನು 160ರಷ್ಟು ಎತ್ತರಕ್ಕೆ ಎಳೆದರೆ ನಡುನಡುವೆ ಬಿರುಕು ಬಿಟ್ಟು ನಯವಾದ ನೆರಳು ಪಟ್ಟೆಪಟ್ಟೆಯಾಗುತ್ತದೆ; ಅಡಗಿದ್ದ ಮರಳು ಮರಳಾದ ಕಲೆಯೂ ಮೇಲೇಳುತ್ತದೆ. 65,536 ಮೆಟ್ಟಿಲುಗಳುಳ್ಳ 16 ಬಿಟ್‌ನ ಸ್ಕ್ಯಾನ್ ಬೇಕೆಂದು ಬಲ್ಲವರು ಹೇಳುವುದು ಇದಕ್ಕೇ. ಮೂಲ ನೆಗೆಟಿವ್ ಸಿಕ್ಕಿದರೆ ಅದಕ್ಕಿಂತ ಭಾಗ್ಯವಿಲ್ಲ. ಕಾಗದದ ಪ್ರತಿಯಲ್ಲಿ ಕಪ್ಪಿನೊಳಗೆ ಕರಗಿಹೋದ ನಿರಿಗೆಗಳು ಅದರಲ್ಲಿ ಎಷ್ಟೋ ವೇಳೆ ಉಳಿದಿರುತ್ತವೆ.

ಇಷ್ಟು ಮಾಡಿದರೂ ಬಟ್ಟೆ ಬಟ್ಟೆಯಂತೆ ಕಾಣದಿರುವುದುಂಟು. ಇದರ ಗುಟ್ಟು ಹೊಳಪಿನಲ್ಲಿದೆ. ಕರಿಯ ವಸ್ತು ತನ್ನೊಳಕ್ಕೆ ಬಂದ ಬೆಳಕನ್ನು ನುಂಗಿಬಿಡುವುದರಿಂದ, ಅದರ ಮಡಿಕೆ, ಎಳೆ, ಉಬ್ಬುತಗ್ಗುಗಳು ನಮಗೆ ಕಾಣುವುದು ಬಹುಮಟ್ಟಿಗೆ ಮೇಲ್ಮೈಯ ಮಿಂಚಿನಿಂದ. ತಿಳಿಬಣ್ಣದ ಬಟ್ಟೆಯ ರೀತಿ ಹಾಗಲ್ಲ; ಅಲ್ಲಿ ಮಡಿಕೆಯನ್ನು ತೋರಿಸುವುದು ಮೆಲ್ಲಮೆಲ್ಲನೆ ಇಳಿಯುವ ನೆರಳು. ಕಪ್ಪು ರೇಷ್ಮೆಯ ಚೂಪಾದ ಮಿಂಚನ್ನು ಹಾಗೆಯೇ ಇಟ್ಟು ನಡುವೆ ಬಣ್ಣ ತುಂಬಿದರೆ ಸೀರೆ ನೀರಲ್ಲಿ ನೆನೆದಂತೆ ಕಾಣುತ್ತದೆ. ಮಿಂಚನ್ನು ತುಸು ತಗ್ಗಿಸಿ, ನಡುಮಟ್ಟದ ನೆರಳುಗಳನ್ನು ಬಿಡಿಸಿ, ಕಡುನೆರಳಿನ ಸಂದುಗಳನ್ನು ಮುಟ್ಟದೆ ಬಿಟ್ಟರೆ ಮಾತ್ರ ರೇಷ್ಮೆಗೆ ಜೀವ ಬರುತ್ತದೆ. ಕುಸುರಿಯ ಕೆಲಸ, ಅವಸರದವರಿಗೆ ಒಗ್ಗುವುದಿಲ್ಲ.

ಕಪ್ಪನ್ನು ಕುಂಕುಮಗೆಂಪಿಗೋ ಕಡುಹಸುರಿಗೋ ತಿರುಗಿಸುವುದು ಅಷ್ಟು ಕಷ್ಟವಲ್ಲ. ಅವು ಸ್ವಭಾವತಃ ಗಾಢವಾದ ಬಣ್ಣಗಳು. ಹಳದಿಯ ಮಾತು ಬೇರೆ. ಬೆಳಕಿಲ್ಲದ ಹಳದಿ ಎಂಬುದೇ ಇಲ್ಲ. ಅದು ಕಂದಾಗುತ್ತದೆ, ಇಲ್ಲವೆ ಪಾಚಿಯಾಗುತ್ತದೆ.

ಚಲನಚಿತ್ರಗಳಿಗೆ ಬಣ್ಣ ತುಂಬಿದವರ ಸಾಹಸವೂ ಈ ಜಾತಿಯದೇ. 1960ರ ‘ಮೊಘಲ್-ಎ-ಆಜಮ್’ 2004ರಲ್ಲಿ ಪೂರ್ತಿ ಬಣ್ಣ ತಳೆದು ಬಂದಿತು. ಕನ್ನಡದಲ್ಲಿ ಹುಣಸೂರು ಕೃಷ್ಣಮೂರ್ತಿಯವರ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣದಲ್ಲಿ ತೆರೆ ಕಂಡುವು. ಆದರೆ ಚಿತ್ರದ ಅರಸನಿಗೆ ನೀಲಿ ಉಡಿಸಿದರೇನು, ನೇರಳೆ ಉಡಿಸಿದರೇನು? ಕೇಳುವವರಿಲ್ಲ. ಮನೆಯ ಚಿತ್ರದ ಪ್ರಶ್ನೆ ಹಾಗಲ್ಲ: ಅಜ್ಜಿ ಅಂದು ಉಟ್ಟದ್ದು ಯಾವುದು?

ಯಂತ್ರ ಇದಕ್ಕೆ ಉತ್ತರ ಹೇಳಲಾರದು. 2016ರಲ್ಲಿ ಅಮೆರಿಕದ ಬರ್ಕ್ಲಿಯ ಸಂಶೋಧಕರು ಹತ್ತು ಲಕ್ಷಕ್ಕೂ ಮಿಕ್ಕ ಚಿತ್ರಗಳಿಂದ ಕಂಪ್ಯೂಟರಿಗೆ ಬಣ್ಣ ತುಂಬುವುದನ್ನು ಕಲಿಸಿದರು. ಹುಲ್ಲು ಹಸುರು, ಆಕಾಶ ನೀಲಿ ಎಂಬುದನ್ನು ಅದು ಬೇಗ ಕಲಿಯಿತು. ಆದರೆ ಸೀರೆಗೆ ಅಂಥ ಕಟ್ಟಳೆಯೆಲ್ಲಿ? ಫಲಕ ಕೆಂಪಿಗೆ ಕುರುಡಾಗಿತ್ತೆಂಬುದನ್ನು ಅದಕ್ಕೆ ಯಾರು ಹೇಳಬೇಕು? ಇನ್ನು ಕೆಂಪೆಂದು ನಾವೇ ನಿಶ್ಚಯಿಸಿಬಿಡುವುದೂ ಅಪಾಯ. ಉತ್ತರ ಕರ್ನಾಟಕದಲ್ಲಿ ಚಂದ್ರಕಾಳಿ ಸೀರೆಯನ್ನು ಹೆಣ್ಣುಮಕ್ಕಳು ಆಸೆಪಟ್ಟು ಉಟ್ಟಿದ್ದಾರೆ. ಅದರ ಒಡಲು ನಿಜವಾಗಿಯೂ ಕಪ್ಪು. ಮದುವೆಯದಲ್ಲದ ಚಿತ್ರದಲ್ಲಿ ಅದನ್ನು ಕೆಂಪಾಗಿಸಿದರೆ ಫಲಕ ಮಾಡಿದ ತಪ್ಪನ್ನೇ ತಿರುವುಮುರುವಾಗಿ ಮಾಡಿದಂತಾಯಿತು.

ಒಂದು ಉಪಾಯ ಚಿತ್ರದಲ್ಲೇ ಉಂಟು. ಹಣೆಯ ಕುಂಕುಮವೂ ಸೀರೆಯೂ ಒಂದೇ ತೆರನಾಗಿ ಕಪ್ಪಾಗಿದ್ದರೆ ಸೀರೆ ಕೆಂಪಿದ್ದಿರಬಹುದೆಂದು ಊಹಿಸಲು ಎಡೆಯಿದೆ. ಕುಂಕುಮ ಬೂದಾಗಿ ಸೀರೆ ಮಾತ್ರ ಕರ್ರಗಿದ್ದರೆ ಆ ಊಹೆ ನಿಲ್ಲದು. ಉಳಿದುದನ್ನು ಮನೆಯ ಹಿರಿಯರನ್ನೇ ಕೇಳಬೇಕು. ಎಷ್ಟೋ ಮನೆಗಳಲ್ಲಿ ಆ ಸೀರೆ ಟ್ರಂಕಿನ ತಳದಲ್ಲಿ ಇನ್ನೂ ಇರುತ್ತದೆ. ಇಲ್ಲವೆ ಹರಿದು ಕೌದಿಯ ತುಂಡಾಗಿರುತ್ತದೆ. ಸಿಕ್ಕಿದರೆ ಮೇಲಿನ ಮಡಿಕೆಯನ್ನು ನಂಬಬಾರದು, ಅದು ಮಾಸಿರುತ್ತದೆ. ಒಳಮಡಿಕೆಯನ್ನು ಬಿಡಿಸಿ, ಕಿಟಕಿಯ ಬಳಿ ಹಗಲು ಬೆಳಕಿಗೆ ಹಿಡಿದು, ಚಿತ್ರಕ್ಕೆ ಬಣ್ಣ ತುಂಬುವವನ ಕಣ್ಣಿಗೆ ತೋರಿಸಬೇಕು.