ಮುಟ್ಟು ಮುಂದೆ ಹಾಕುವ ಗುಳಿಗೆ: ನಂಬಿಕೆ ಮತ್ತು ಸತ್ಯ

ರೋಣ, ನರಗುಂದ, ಗಜೇಂದ್ರಗಡದ ಕಡೆ ‘ಮುಟ್ಟು ಮುಂದ ಹಾಕೋ ಗುಳಿಗಿ’ ಎಂದರೆ ಸಾಮಾನ್ಯವಾಗಿ ನೊರೆಥಿಸ್ಟೆರೋನ್. ಕೆಲವರು ಮಾಲಾ-ಎನ್‌ನಂಥ ಗರ್ಭನಿರೋಧಕವನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮ, ದವನದ ಹುಣ್ಣಿಮೆಗೆ ಗಜೇಂದ್ರಗಡದ ಕಾಲಕಾಲೇಶ್ವರ ಜಾತ್ರೆ. ಜಾತ್ರೆಯ ದಿನವೂ ಮುಟ್ಟಿನ ದಿನವೂ ಕೂಡಿ ಬಂದರೆ ಗುಳಿಗೆಯ ನೆನಪಾಗುತ್ತದೆ. ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ರಜಸ್ಸೂತಕವೂ, ಅಂದರೆ ಮುಟ್ಟಿನ ಮೈಲಿಗೆಯೂ, ಒಂದು; ಲಿಂಗಾಯತರ ಮನೆಗಳಿಂದಲೂ ಈ ಗುಳಿಗೆ ಕೇಳಿ ಬರುವುದು ವಿಚಿತ್ರವೇ ಸರಿ.

ಮುಟ್ಟು ತಡೆದರೆ ಕೆಟ್ಟ ರಕ್ತ ಹೊಟ್ಟೆಯಲ್ಲೇ ಉಳಿದು ಗಡ್ಡೆ ಕಟ್ಟುತ್ತದೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ. ಮುಟ್ಟಿನ ರಕ್ತ ಒಡಲಿನ ಕೊಳೆಯಲ್ಲ, ಗರ್ಭಕೋಶದ ಒಳಪದರು ಕಳಚುವಾಗ ಹರಿಯುವ ಮಾಮೂಲಿ ರಕ್ತ. ಆ ಪದರನ್ನು ಹಿಡಿದಿಡುವುದು ಪ್ರೊಜೆಸ್ಟೆರೋನ್ ಹಾರ್ಮೋನು. ಅದು ಇಳಿದಾಗ ಪದರು ಕಳಚುತ್ತದೆ. ನೊರೆಥಿಸ್ಟೆರೋನ್ ಅದೇ ಕೆಲಸವನ್ನು ಇನ್ನಷ್ಟು ದಿನ ಮಾಡುತ್ತದೆ. ಪದರು ಕಳಚದಿದ್ದ ಮೇಲೆ ನಿಲ್ಲಲು ರಕ್ತವೇ ಇರುವುದಿಲ್ಲ. ಗುಳಿಗೆ ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಆದರೆ ಗುಳಿಗೆ ನುಂಗದೆಯೇ ತಿಂಗಳುಗಟ್ಟಲೆ ಮುಟ್ಟು ನಿಂತರೆ ಅದರ ಲೆಕ್ಕ ಬೇರೆ. ಬಸಿರು, ಥೈರಾಯ್ಡ್, ಅಂಡಾಶಯದ ತೊಂದರೆ, ಏನೆಂದು ತಪಾಸಣೆ ಆಗಬೇಕು.

ಈ ಗುಳಿಗೆಯಿಂದ ಬಸಿರೂ ನಿಲ್ಲುತ್ತದೆ ಎಂಬ ಇನ್ನೊಂದು ನಂಬಿಕೆ ಹೆಚ್ಚು ಅಪಾಯದ್ದು. ಮುಟ್ಟು ಮುಂದೂಡಲು ಕೊಡುವ ನೊರೆಥಿಸ್ಟೆರೋನ್ ಗರ್ಭನಿರೋಧಕವಲ್ಲ. ಸಾಮಾನ್ಯ ಪ್ರಮಾಣ 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಮುಟ್ಟಿಗೆ ಮೂರು ದಿನ ಮೊದಲೇ ಶುರು. 14ನೇ ತಾರೀಖು ಮುಟ್ಟಿನ ದಿನವಾದರೆ 11ಕ್ಕೇ ಮೊದಲ ಗುಳಿಗೆ ಬಾಯಿಗೆ ಹೋಗಬೇಕು. ಕಲೆ ಕಂಡ ಮೇಲೆ ಅಂಗಡಿಗೆ ಓಡಿದರೆ ಪ್ರಯೋಜನ ಕಡಿಮೆ. ಬಿಟ್ಟು ವಾರವಾದರೂ ಮುಟ್ಟು ಬರದಿದ್ದರೆ ಬಸಿರಿನ ಪರೀಕ್ಷೆ ಮಾಡಿಸಬೇಕು.

ಮಾಲಾ-ಎನ್ ಗುಳಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಂಗತಿ ತಿಳಿಯುತ್ತದೆ. ಅದರಲ್ಲಿರುವುದು 28 ಗುಳಿಗೆ: 21 ಬಿಳಿಯವು ಹಾರ್ಮೋನಿನವು, ಉಳಿದ 7 ಗಾಢ ಬಣ್ಣದವು ಬರೀ ಕಬ್ಬಿಣಾಂಶದವು. ಆ ಏಳು ದಿನ ಹಾರ್ಮೋನು ನಿಂತದ್ದಕ್ಕೆ ಆಗುವ ಸ್ರಾವ ನಿಜವಾದ ಮುಟ್ಟೇ ಅಲ್ಲ. ಮೊದಲಿಂದ ಸರಿಯಾಗಿ ನುಂಗುತ್ತಿರುವವರು ವೈದ್ಯರನ್ನು ಕೇಳಿ, ಕಬ್ಬಿಣದವನ್ನು ಬಿಟ್ಟು ಹೊಸ ಪಟ್ಟಿಯ ಬಿಳಿ ಗುಳಿಗೆ ಶುರು ಮಾಡಿದರೆ ಆ ತಿಂಗಳ ಸ್ರಾವ ತಪ್ಪುತ್ತದೆ, ಬಸಿರಿನ ರಕ್ಷಣೆಯೂ ಉಳಿಯುತ್ತದೆ. ನಡುನಡುವೆ ಕಲೆ ಕಾಣಿಸಿದರೆ ಗಾಬರಿ ಬೇಡ. ಜಾತ್ರೆಗೆ ಮೂರು ದಿನ ಇರುವಾಗ ಹೊಸದಾಗಿ ಮಾಲಾ-ಎನ್ ನುಂಗುವುದು ಮಾತ್ರ ನಂಬುವಂಥ ದಾರಿಯಲ್ಲ. 72 ಗಂಟೆಯ ತುರ್ತು ಗರ್ಭನಿರೋಧಕ ಗುಳಿಗೆಯೂ ಇದಕ್ಕಲ್ಲ. ಅದರಿಂದ ಮುಟ್ಟು ಹಿಂದೆಯೂ ಸರಿಯಬಹುದು, ಮುಂದೆಯೂ ಸರಿಯಬಹುದು.

ಹೊಸದಾಗಿ ಮದುವೆಯಾದವರಿಗೆ ‘ಬಂಜೆಯಾಗುತ್ತಾಳೆ’ ಎಂಬ ಹೆದರಿಕೆ ಹೇಳುವವರಿದ್ದಾರೆ. ಅದಕ್ಕೆ ಆಧಾರವಿಲ್ಲ, ಗುಳಿಗೆ ಬಿಟ್ಟ ಮೇಲೆ ಬಸಿರಾಗುವ ಶಕ್ತಿ ಮರಳುತ್ತದೆ. ತಡವಾಗುವುದು ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಗರ್ಭನಿರೋಧಕ ಚುಚ್ಚುಮದ್ದಿನ ಬಳಿಕ: ಕೊನೆಯ ಸೂಜಿಯಿಂದ ಸರಾಸರಿ 7ರಿಂದ 10 ತಿಂಗಳು.

ನಿಜಕ್ಕೂ ಅಂಜಬೇಕಾದ ವಿಷಯ ಊರ ಮಾತಿನಲ್ಲಿ ಅಷ್ಟಾಗಿ ಬರುವುದಿಲ್ಲ. ಅದು ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ. ಮಾಲಾ-ಎನ್‌ನಲ್ಲಿ ಈಸ್ಟ್ರೋಜನ್ ಇದೆ. ನೊರೆಥಿಸ್ಟೆರೋನ್ ಕೂಡ ದೇಹದಲ್ಲಿ ಅಲ್ಪ ಭಾಗ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಅಪರೂಪವಾದರೂ ಹೆಪ್ಪು ಪ್ರಾಣ ತೆಗೆಯಬಲ್ಲದು. ಹಿಂದೆ ಕಾಲಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಕಟ್ಟಿದ್ದವರು, ಲಕ್ವಾ ಹೊಡೆದವರು, ಯಕೃತ್ತಿನ ರೋಗ ಅಥವಾ ಸ್ತನ ಕ್ಯಾನ್ಸರ್ ಇರುವವರು ಇವನ್ನು ಮುಟ್ಟಬಾರದು. ರಕ್ತದೊತ್ತಡ, ಕಣ್ಣಿಗೆ ಮಿಂಚು ಹೊಡೆದು ಬರುವ ಮೈಗ್ರೇನ್, ಎಳೆಗೂಸಿಗೆ ಹಾಲೂಡಿಸುವುದು, ಇದರಲ್ಲಿ ಯಾವುದಿದ್ದರೂ ವೈದ್ಯರಿಗೆ ಮೊದಲೇ ಹೇಳಬೇಕು. ವೈದ್ಯರ ಚೀಟಿ ಇಲ್ಲದೆ ನೊರೆಥಿಸ್ಟೆರೋನ್ ಮಾರುವಂತಿಲ್ಲ, ಹೆಸರು ಹೇಳಿದರೆ ಸಾಕು ಕೈಗೆ ಬರುವ ಅಂಗಡಿಗಳು ಇವೆ ಎಂಬುದು ಬೇರೆ ಮಾತು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಏಕಾಏಕಿ ಏದುಸಿರು, ಎದೆನೋವು: ಗುಳಿಗೆ ನುಂಗುವಾಗ ಇವು ಕಂಡರೆ ತೇರು ಎಳೆಯುವವರೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು.