ಸುದ್ದಿ ಉಚಿತ, ಹುಡುಕಾಟ ದುಬಾರಿ

ಜೀವವಿಜ್ಞಾನಿಗಳು ಇಂದು ತಮ್ಮ ಸಂಶೋಧನೆಯ ಫಲಿತಾಂಶಗಳನ್ನಷ್ಟೇ ಅಲ್ಲ, ಪ್ರಯೋಗಾಲಯದಲ್ಲಿ ತೆರವಾದ ಹುದ್ದೆಗಳ ವಿವರಗಳನ್ನೂ ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಳ್ಳುತ್ತಾರೆ. 2009ರಲ್ಲಿ ಆರಂಭವಾದ ಬೆಂಗಳೂರಿನ ‘ಇಂಡಿಯಾ ಬಯೋಸೈನ್ಸ್’ ಇಂಥ ಮಾಹಿತಿಯನ್ನು ಒಂದೆಡೆ ಒದಗಿಸುತ್ತಿದೆ. ಇದು ಸ್ವಾಗತಾರ್ಹ.

ಆದರೆ ಮಾಹಿತಿ ಉಚಿತವಾದ ಮಾತ್ರಕ್ಕೆ ಎಲ್ಲರಿಗೂ ದಕ್ಕುವುದಿಲ್ಲ. ಹುಡುಕಾಟಕ್ಕೂ ವೆಚ್ಚವಿದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1961ರಲ್ಲೇ ವಿವರಿಸಿದ್ದರು. ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಂಥ ಊರಿನ ಎಂ.ಎಸ್ಸಿ. ವಿದ್ಯಾರ್ಥಿನಿಯ ಕೈಯಲ್ಲೂ ಮೊಬೈಲ್ ಇರಬಹುದು; ಅದರಲ್ಲಿ ಯಾರನ್ನು ಅನುಸರಿಸಬೇಕೆಂದು ಹೇಳುವ ಹಿರಿಯರು ಮನೆಯಲ್ಲಿರುವುದಿಲ್ಲ. ಕಿರಿಯ ಸಂಶೋಧನಾ ಫೆಲೋಗಳ ಮಾಸಿಕ ಶಿಷ್ಯವೇತನವನ್ನು 2023ರಲ್ಲಿ 37,000 ರೂಪಾಯಿಗೆ ಏರಿಸಲಾಯಿತು. ಇದು ಪೋಷಕರಿಗೆ ತಿಳಿದರೆ, ‘ಓದಿದ್ದು ಸಾಕು’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಮುಂದಕ್ಕೆ ಹೋದೀತು.

ಸೇವೆಯಲ್ಲಿದ್ದಾಗ, ಸೂಚನಾಫಲಕಕ್ಕೆ ಪ್ರಕಟಣೆ ಅಂಟಿಸಿದೊಡನೆ ಕರ್ತವ್ಯ ಮುಗಿಯಿತೆಂದು ನಂಬಿದವರಲ್ಲಿ ನಾನೂ ಒಬ್ಬ. ಪ್ರಕಟಿಸುವುದು ಬೇರೆ, ತಲುಪಿಸುವುದು ಬೇರೆ.

ವಿಜ್ಞಾನಿಗಳು ಪ್ರತಿ ಪ್ರಕಟಣೆಯೊಂದಿಗೆ ಕನ್ನಡದಲ್ಲಿ ಎರಡು ಸಾಲು ಸೇರಿಸಲಿ. ಕಾಲೇಜಿನ ಉಪನ್ಯಾಸಕರು ಅದನ್ನು ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ದಾಟಿಸಲಿ. ಚೊಳಚಗುಡ್ಡದಲ್ಲಿ ಪ್ರತಿವರ್ಷ ಬನಶಂಕರಿ ಜಾತ್ರೆಗೆ ಸುತ್ತಲಿನ ಜಿಲ್ಲೆಗಳ ಜನ ಸೇರುತ್ತಾರೆ. ಅಲ್ಲಿನ ನೂರಾರು ಅಂಗಡಿಗಳ ನಡುವೆ ವಿಜ್ಞಾನದ ಒಂದು ಮಳಿಗೆಗೂ ಜಾಗ ಸಿಗಬಾರದೇಕೆ? ಜಾಲತಾಣ ನೋಡದ ತಾಯ್ತಂದೆಯರು ಅಲ್ಲಿಗಂತೂ ಬರುತ್ತಾರೆ.