ಒಡಹುಟ್ಟಿದವರ ನಡುವಿನ ಗಡಿ

ಯೆಹೂದಿ ಧರ್ಮ ತಾಯಿ, ಕ್ರೈಸ್ತಧರ್ಮ ಮಗಳು ಎಂಬುದು ರೂಢಿಯ ಮಾತು. ಮೊದಲನೆಯದು ಪೂರ್ಣರೂಪ ತಾಳಿ ನಿಂತಿತ್ತು, ಎರಡನೆಯದು ಅದರಿಂದ ಸಿಡಿದು ಬೇರೆಯಾಯಿತು ಎಂಬ ಕಲ್ಪನೆ ಇದರ ಹಿಂದಿದೆ. ಇತಿಹಾಸ ಅಷ್ಟು ಸರಳವಾಗಿಲ್ಲ. ಇಂದು ನಾವು ಕಾಣುವ ಯೆಹೂದಿ ಧರ್ಮವನ್ನು ಬಹುಮಟ್ಟಿಗೆ ಕಟ್ಟಿದವರು ಕ್ರಿಸ್ತಶಕದ ಮೊದಲ ಆರು ಶತಮಾನಗಳ ರಬ್ಬಿಗಳು, ಅಂದರೆ ಧರ್ಮಶಾಸ್ತ್ರದ ಗುರುಗಳು. ಕ್ರೈಸ್ತಧರ್ಮ ರೂಪುಗೊಂಡದ್ದೂ ಅದೇ ಕಾಲದಲ್ಲಿ. ಆದ್ದರಿಂದ ಇವೆರಡನ್ನು ಒಡಹುಟ್ಟಿದವರೆಂದು ಕರೆಯುವುದೇ ಹೆಚ್ಚು ಸರಿ ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ.

ಕ್ರಿ.ಶ. 70ರಲ್ಲಿ ಟೈಟಸ್‌ನ ರೋಮನ್ ಸೇನೆ ಜೆರುಸಲೇಮಿನ ದೇವಾಲಯವನ್ನು ನಾಶಮಾಡಿತು. ಬಲಿಪೂಜೆ ನಿಂತಿತು, ಪುರೋಹಿತರ ಅಧಿಕಾರ ಕುಸಿಯಿತು. ದೇವಾಲಯವೇ ಇಲ್ಲದ ಮೇಲೆ ದೇವರು ಆರಿಸಿಕೊಂಡ ಜನ ಯಾರು? ತೋರಾವನ್ನು ಓದಿ, ಅದರಂತೆ ಬಾಳುವವರು ಎಂದರು ರಬ್ಬಿಗಳು. ಯೇಸುವನ್ನು ಮೆಸ್ಸೀಯನೆಂದು ನಂಬಿದವರು ಎಂದರು ಕ್ರೈಸ್ತರು. ಎರಡನೇ ಶತಮಾನದ ನಡುಭಾಗದಲ್ಲಿ ಕ್ರೈಸ್ತ ಚಿಂತಕ ಜಸ್ಟಿನ್, ಟ್ರೈಫೋ ಎಂಬ ಯೆಹೂದಿಯೊಡನೆ ನಡೆದ ಸಂವಾದದ ರೂಪದಲ್ಲಿ ಬರೆದ ಗ್ರಂಥ ಈ ಹಕ್ಕನ್ನೇ ಸ್ಥಾಪಿಸಲು ಹೊರಡುತ್ತದೆ. ಒಂದೇ ಪಿತ್ರಾರ್ಜಿತಕ್ಕೆ ಇಬ್ಬರು ಹಕ್ಕುದಾರರು!

ಈ ಪೈಪೋಟಿ ರಬ್ಬಿಗಳ ಆಚರಣೆಯಲ್ಲೂ ಗುರುತು ಬಿಟ್ಟಿದೆ. ದೇವಾಲಯದಲ್ಲಿ ದಿನವೂ ಪಠಿಸುತ್ತಿದ್ದ ದಶಾಜ್ಞೆಗಳನ್ನು ನಿತ್ಯಪ್ರಾರ್ಥನೆಯಿಂದ ಕೈಬಿಡಲಾಯಿತು. ಸೀನಾಯ್ ಬೆಟ್ಟದಲ್ಲಿ ದೇವರು ಕೊಟ್ಟದ್ದು ಇವಿಷ್ಟೇ ಎಂದು ‘ಮಿನಿಮ್’, ಅಂದರೆ ಪಾಷಂಡಿಗಳು, ಹೇಳಿಕೊಳ್ಳಬಾರದು ಎಂಬುದೇ ಅದಕ್ಕೆ ತಾಲ್ಮುಡ್ ಕೊಡುವ ಕಾರಣ. ಪಾಷಂಡಿಗಳೆಲ್ಲ ಕ್ರೈಸ್ತರಲ್ಲದಿದ್ದರೂ ಕ್ರೈಸ್ತರು ಅವರಲ್ಲಿ ಸೇರಿದ್ದರು. ಯೆಹೂದಿಗಳೇ ಮಾಡಿದ್ದ ಹಳೆಯ ಗ್ರೀಕ್ ಅನುವಾದ ಕ್ರೈಸ್ತರ ಧರ್ಮಗ್ರಂಥವಾದಾಗ, ಎರಡನೇ ಶತಮಾನದಲ್ಲಿ ಅಕ್ವಿಲಾ ಮೂಲಕ್ಕೆ ಅಕ್ಷರಶಃ ನಿಷ್ಠವಾದ ಹೊಸ ಅನುವಾದ ಮಾಡಿದ. ಕ್ರೈಸ್ತರು ಯೇಸುವಿನ ಜನನಕ್ಕೆ ಪ್ರಮಾಣವೆಂದು ಎತ್ತಿಹಿಡಿಯುತ್ತಿದ್ದ ಯೆಶಾಯನ ವಾಕ್ಯದಲ್ಲಿ ‘ಕನ್ಯೆ’ಯ ಬದಲು ‘ತರುಣಿ’ ಬಂದಳು. ಅನ್ಯಜನರು ತೋರಾವನ್ನು ಗ್ರೀಕಿನಲ್ಲಿ ಓದಿ ತಾವೇ ಇಸ್ರಾಯೇಲ್ ಎನ್ನುವರೆಂದು ಮುಂಗಂಡ ದೇವರು, ಮೌಖಿಕ ಪರಂಪರೆಯಾದ ಮಿಶ್ನಾವನ್ನು ತನ್ನ ಜನರಿಗಷ್ಟೇ ಗುಟ್ಟಾಗಿ ಕೊಟ್ಟನೆಂದು ರಬ್ಬಿಗಳ ಒಂದು ವ್ಯಾಖ್ಯಾನ ಹೇಳುತ್ತದೆ.

ಹಾಗೆಂದು ತಾಲ್ಮುಡ್ ಇಡಿಯಾಗಿ ಕ್ರೈಸ್ತರಿಗೆ ಕೊಟ್ಟ ಉತ್ತರವಲ್ಲ. ಸಬ್ಬತ್, ವಿವಾಹ, ಆಸ್ತಿ, ಆಹಾರನಿಯಮಗಳ ಚರ್ಚೆಗೆ ತನ್ನದೇ ಒಳಗಿನ ಒತ್ತಡಗಳಿದ್ದವು. ಬ್ಯಾಬಿಲೋನಿಯಾದ ತಾಲ್ಮುಡ್ ರಚನೆಯಾದದ್ದಂತೂ ಕ್ರೈಸ್ತರ ಆಳ್ವಿಕೆಯಿಲ್ಲದ ಪರ್ಷಿಯಾ ಸಾಮ್ರಾಜ್ಯದಲ್ಲಿ.

ಗಡಿ ಎಳೆದವರು ಎರಡೂ ಕಡೆಯ ಪಂಡಿತರೇ ಎಂಬುದು ಡೇನಿಯಲ್ ಬೊಯಾರಿನ್ ಅವರ ‘ಬಾರ್ಡರ್ ಲೈನ್ಸ್’ (2004) ಕೃತಿಯ ವಾದ. ಜನಸಾಮಾನ್ಯರು ಆ ಗಡಿಯನ್ನು ಬಹುಕಾಲ ಲೆಕ್ಕಿಸಲಿಲ್ಲ. 386-87ರಲ್ಲಿ ಅಂತಿಯೋಕ್ಯದ ಪಾದ್ರಿ ಜಾನ್ ಕ್ರಿಸೊಸ್ಟಮ್ ತನ್ನ ಪ್ರವಚನಗಳಲ್ಲಿ ಕಿಡಿಕಾರಿದ್ದು, ಯೆಹೂದಿಗಳ ಹಬ್ಬಗಳಿಗೆ, ಪ್ರಾರ್ಥನಾಮಂದಿರಗಳಿಗೆ ಹೋಗುತ್ತಿದ್ದ ಕ್ರೈಸ್ತರ ಮೇಲೆ. ಇಬ್ಬರೂ ಬೆರೆಯುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಆ ವೇಳೆಗೆ ಗಡಿಯ ಒಂದು ಬದಿಗೆ ರಾಜದಂಡ ಸೇರಿತ್ತು. 380ರಲ್ಲಿ ಕ್ರೈಸ್ತಮತ ರೋಮನ್ ಸಾಮ್ರಾಜ್ಯದ ಅಧಿಕೃತ ಧರ್ಮವಾಯಿತು. 438ರ ಕಾನೂನು ಯೆಹೂದಿಗಳಿಗೆ ಸರ್ಕಾರಿ ಹುದ್ದೆಗಳನ್ನೂ ಹೊಸ ಪ್ರಾರ್ಥನಾಮಂದಿರಗಳನ್ನೂ ನಿಷೇಧಿಸಿತು. ಪಂಡಿತರ ವಾಗ್ವಾದ ಪ್ರಭುತ್ವದ ಕೈಗೆ ಸಿಕ್ಕಾಗ ಅದು ದಮನದ ಅಸ್ತ್ರವಾಯಿತು. ಅದರ ಬೆಲೆಯನ್ನು ಯುರೋಪಿನ ಯೆಹೂದಿಗಳು ಶತಮಾನಗಳ ಕಾಲ ತೆತ್ತರು. ಯೇಸುವಿನ ಮರಣದ ಹೊಣೆಯನ್ನು ಯೆಹೂದಿಗಳೆಲ್ಲರ ಮೇಲೆ ಹೊರಿಸಲಾಗದೆಂದು ಕ್ಯಾಥೊಲಿಕ್ ಚರ್ಚ್ ಎರಡನೇ ವ್ಯಾಟಿಕನ್ ಪರಿಷತ್ತಿನಲ್ಲಿ ಸಾರಿದ್ದು 1965ರಲ್ಲಿ.

ತನ್ನ ಧರ್ಮ ಯಾರ ಸೋಂಕೂ ಇಲ್ಲದೆ ಶುದ್ಧವಾಗಿ ಹುಟ್ಟಿತೆಂಬ ಹೆಮ್ಮೆಗೆ ಈ ಎರಡು ಧರ್ಮಗಳ ಚರಿತ್ರೆಯಲ್ಲಿ ಆಧಾರವಿಲ್ಲ. ನಾವು ಯಾರು ಎಂಬುದನ್ನು ಅವು ಕಲಿತದ್ದು ಪರಸ್ಪರ ಜಗಳವಾಡುತ್ತಲೇ.